ಅವ್ವನ ಹಾಡಿನ ಪುಸ್ತಕ

ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಶನಿವಾರ ಸಂಜೆ ಭಜನೆ ಇರುತ್ತದೆ. ಕೆಳಗಿನ ಹಾಲಿನಲ್ಲಿ ಜಮಖಾನೆ ಹಾಸಿ ಹದಿನೈದು ಇಪ್ಪತ್ತು ಹೆಂಗಸರು ಕೂಡುತ್ತಾರೆ. ಅನ್ನಮಯ್ಯನ ಸಂಕೀರ್ತನೆ, ರಾಮದಾಸನ ಕೀರ್ತನೆ, ಒಂದೆರಡು ಮೀರಾ ಭಜನೆ, ಕೊನೆಗೆ ಮಂಗಳಾರತಿ. ಆ ಗುಂಪಿನಲ್ಲಿ ಕನ್ನಡದವಳು ನಮ್ಮ ಅವ್ವ ಒಬ್ಬಳೇ. ಅಪ್ಪ ಹೋದ ಮೇಲೆ ಮಾನ್ವಿಯ ಮನೆಗೆ ಬೀಗ ಹಾಕಿ ನಮ್ಮ ಹತ್ತಿರ ಬಂದವಳಿಗೆ ಈ ಊರಲ್ಲಿ ತನ್ನದು ಅಂತ ಸಿಕ್ಕಿದ್ದು ಆ ಶನಿವಾರದ ಒಂದೂವರೆ ತಾಸು ಮಾತ್ರ.

ಹೋದ ವರ್ಷ ಒಂದು ಶನಿವಾರ ಅವಳನ್ನು ಕರೆದುಕೊಂಡು ಬರಲು ಕೆಳಗಿಳಿದಿದ್ದೆ. ಅವ್ವ ಪುರಂದರದಾಸರ ಪದ ಹಾಡಿ ಮುಗಿಸಿದ್ದಳು. ಎದುರು ಮನೆಯ ಆಂಟಿ, ವರಂಗಲ್ ಕಡೆಯವರು, ನಿವೃತ್ತ ಟೀಚರ್, ಖುಷಿಯಿಂದ ಪಕ್ಕದವರಿಗೆ ಹೇಳುತ್ತಿದ್ದರು: "ಪುರಂದರದಾಸು ಮನವಾಡೇ ಕದಾ! ಕೃಷ್ಣದೇವರಾಯರ ಕಾಲದವರು."

ಅಂದು ಆಫೀಸಿನಲ್ಲಿ ಏನೋ ತಲೆಬಿಸಿ ಇತ್ತು. ಅದು ನೆಪವಲ್ಲ, ಆದರೂ ಹೇಳುತ್ತಿದ್ದೇನೆ. "ಆಂಟಿ, ಮಂತ್ರಾಲಯ ನಿಮ್ಮ ಕಡೆ ಹೋಯಿತು, ಶ್ರೀಶೈಲ ನಿಮ್ಮ ಕಡೆಯೇ ಇದೆ, ಕೃಷ್ಣದೇವರಾಯರೂ ನಿಮ್ಮವರೇ ಅಂತೀರಿ. ದಾಸರನ್ನಾದರೂ ನಮಗೆ ಬಿಡಿ" ಎಂದುಬಿಟ್ಟೆ. ನಗುತ್ತಲೇ ಅಂದೆ ಅಂತ ನನಗನಿಸಿತ್ತು. ಹಾಲಿನಲ್ಲಿ ಯಾರೂ ನಗಲಿಲ್ಲ. ಆಂಟಿ "ಅಯ್ಯೋ ಬಾಬು, ನಾನು ಹಾಗಂದಿಲ್ಲ" ಎಂದು ತಾಳ ಎತ್ತಿ ಚೀಲಕ್ಕೆ ಹಾಕಿದರು.

ಲಿಫ್ಟಿನಲ್ಲಿ ಅವ್ವ ಮಾತಾಡಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡು ಕೂತ ಮೇಲೆ ಅಂದಳು: "ಯಾಕಪ್ಪಾ ಹಂಗಂದಿ? ಅಕಿ ನಮ್ಮವ ಅಂದ್ಲು. ನಮ್ಮವ ಅಲ್ಲ ಅಂದಿದ್ರ ಸಿಟ್ಟು ಬರಬೇಕಿತ್ತು." ಮುಂದಿನ ಶನಿವಾರ ಮೊಣಕಾಲು ನೋವು ಅಂದಳು. ಅದರ ಮುಂದಿನ ಶನಿವಾರವೂ ಭಜನೆಗೆ ಹೋಗಲಿಲ್ಲ.

ನನ್ನ ಸಿಟ್ಟಿಗೂ ಒಂದು ಊರಿತ್ತು, ಅದನ್ನು ಹೇಳಬೇಕು. ಮಾನ್ವಿ ರಾಯಚೂರು ಜಿಲ್ಲೆಯದು. ಹರಿದಾಸರ ಎರಡನೆಯ ಘಟ್ಟ ಪೂರ್ತಿ ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲೇ ಆದದ್ದು. ಹಂಪಿ ಹಾಳಾಗಿ ನೂರಾರು ವರ್ಷದ ಮೇಲೆ, ತುಂಗಭದ್ರೆ ಕೃಷ್ಣೆಯರ ನಡುವಿನ ಈ ಎರೆಹೊಲದ ಸೀಮೆಯಲ್ಲಿ ದಾಸರ ಪದ ಮತ್ತೆ ಚಿಗುರಿತು. ವಿಜಯದಾಸರು ಚೀಕಲಪರವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಬ್ಯಾಗವಾಟದವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಸನ್ನಿಧಿ ಇರುವುದು ಮಾನ್ವಿಯಲ್ಲಿ. ನಾವು ಚಿಕ್ಕವರಿದ್ದಾಗ ಪರೀಕ್ಷೆಗೆ ಹೋಗುವ ಮುಂಚೆ ಅಲ್ಲಿ ನಮಸ್ಕಾರ ಮಾಡಿಯೇ ಹೋಗುತ್ತಿದ್ದೆವು.

ಹಾಗೆ ನೋಡಿದರೆ ಹೈದರಾಬಾದು ನಮಗೆ ಪರಸ್ಥಳವೂ ಅಲ್ಲ. 1948ರ ತನಕ ರಾಯಚೂರು, ಗುಲ್ಬರ್ಗ, ಬೀದರ ಮೂರೂ ನಿಜಾಮರ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ನಮ್ಮ ಅಜ್ಜನ ಕಾಲದವರಿಗೆ ರಾಜಧಾನಿ ಅಂದರೆ ಇದೇ ಊರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆಲ್ಲ ಆ ಕಾಲದ ಕನ್ನಡಿಗರ ಹೆಸರು ಹೇಳುತ್ತವೆ. ಆದರೆ ಈಗ ನಾವು ಐಟಿ ಕಂಪನಿಯ ಬಸ್ಸು ಹಿಡಿದು ಬಂದವರು, ಇಲ್ಲಿ ಬಾಡಿಗೆದಾರರು. ಮನೆಯ ಹೊರಗೆ ಇಡೀ ದಿನ ತೆಲುಗು, ಇಂಗ್ಲಿಷು, ಹಿಂದಿ. ಒಳಗೆ ಉಳಿದ ಸ್ವಲ್ಪವನ್ನೂ ಯಾರೋ ಎತ್ತಿಕೊಂಡು ಹೋಗುತ್ತಾರೆ ಅನ್ನುವ ಭಯ ಎಲ್ಲೋ ಕೂತಿತ್ತು.

ಆ ಭಯಕ್ಕೆ ಮನೆಯಲ್ಲೇ ಒಂದು ಕಾರಣವಿತ್ತು. ಅವ್ವನ ಹತ್ತಿರ ಒಂದು ದಪ್ಪ ಬೈಂಡಿನ ಪುಸ್ತಕವಿದೆ. ಮದುವೆಯಾಗಿ ಬಂದ ವರ್ಷದಿಂದ ಅದರಲ್ಲಿ ಹಾಡು ಬರೆಯುತ್ತ ಬಂದಿದ್ದಾಳೆ. ವಿಜಯದಾಸರ ಸುಳಾದಿ, ಗೋಪಾಲದಾಸರ ಪದ, ಹೆಳವನಕಟ್ಟೆ ಗಿರಿಯಮ್ಮನ ಹಾಡು, ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು. ಎಷ್ಟೋ ಹಾಡು ಅವಳ ಅವ್ವನ ಬಾಯಿಂದ ಬಂದವು, ಯಾವ ಅಚ್ಚಿನ ಪುಸ್ತಕದಲ್ಲೂ ನಾನು ನೋಡಿಲ್ಲ. ಅವಳ ಕಣ್ಣಿಗೆ ಈಗ ಪೊರೆ. ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಸಕ್ಕರೆ ಕಾಯಿಲೆಯಿಂದ ಡಾಕ್ಟರು ತಡ ಮಾಡುತ್ತಿದ್ದಾರೆ. ಪೆನ್ಸಿಲಿನಲ್ಲಿ ಬರೆದ ಹಳೆಯ ಪುಟಗಳು ಅವಳಿಗೆ ಕಾಣುವುದಿಲ್ಲ. ಯಾರಾದರೂ ಒಂದು ನುಡಿಯ ಮೊದಲ ಪದ ಓದಿಕೊಟ್ಟರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಆ ಮೊದಲ ಪದ ಓದಿಕೊಡುವವರು ಯಾರು? ನಾನೂ ನನ್ನ ಹೆಂಡತಿಯೂ ರಾತ್ರಿ ಎಂಟಕ್ಕೆ ಮನೆ ಸೇರುವವರು. ಮಧ್ಯಾಹ್ನ ಮನೆಯಲ್ಲಿರುವುದು ಎಂಟನೇ ತರಗತಿ ಓದುವ ಮಗಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ತೆಲಂಗಾಣದಲ್ಲಿ 2018ರ ಕಾನೂನಿನಿಂದ ಎಲ್ಲ ಶಾಲೆಯಲ್ಲೂ ತೆಲುಗು ಕಲಿಯಲೇಬೇಕು. ಹಾಗಾಗಿ ತೆಲುಗು ಚೆನ್ನಾಗಿ ಓದುತ್ತಾಳೆ. ಕನ್ನಡ ಕಲಿಸುತ್ತೇನೆ ಅಂತ ನಾನು ಪ್ರತಿ ಬೇಸಿಗೆ ರಜೆಯಲ್ಲೂ ಹೇಳಿದ್ದೇನೆ. ಎರಡು ಸಲ ಅಂಕಲಿಪಿಯನ್ನೂ ತಂದೆ. "ಅ ಆ ಇ ಈ" ಮುಗಿಯುವಷ್ಟರಲ್ಲಿ ರಜೆ ಮುಗಿದಿತ್ತು.

ಭಜನೆಗೆ ಹೋಗುವುದು ನಿಂತ ಮೂರನೆಯ ವಾರ, ಬೇಗ ಮನೆಗೆ ಬಂದವನು ನೋಡಿದೆ. ಅಜ್ಜಿ ಮಂಚದ ಮೇಲೆ ಕೂತು ಒಂದೊಂದೇ ಸಾಲು ಹೇಳುತ್ತಿದ್ದಾಳೆ, ಮೊಮ್ಮಗಳು ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಬಗ್ಗಿ ನೋಡಿದರೆ ಜಗನ್ನಾಥದಾಸರ ಪದ, ತೆಲುಗು ಅಕ್ಷರದಲ್ಲಿ.

"ಇದೇನು? ಕನ್ನಡ ಹಾಡನ್ನ ತೆಲುಗಿನಲ್ಲಿ ಬರೀತಾರಾ?" ಅಂದೆ. ದನಿ ಏರಿತ್ತು.

ಮಗಳು ತಲೆ ಎತ್ತಿ, "ನಂಗೆ ಕನ್ನಡ ಬರೆಯೋಕೆ ಬರಲ್ಲಲ್ಲಪ್ಪಾ" ಅಂದಳು. ಅದರಲ್ಲಿ ತಕರಾರು ಇರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ.

ಅವ್ವ ಹೇಳಿದಳು: "ನಿನಗ ಶ್ರೀನಿವಾಸಾಚಾರ್ಯರ ಕಥಿ ಮರ್ತದೇನು?" ಜಗನ್ನಾಥದಾಸರ ಮೊದಲ ಹೆಸರದು. ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಹಾಡಿಕೊಂಡು ತಿರುಗುವ ವಿಜಯದಾಸರನ್ನು ಹಗುರವಾಗಿ ಕಂಡರಂತೆ. ಹೊಟ್ಟೆನೋವು ಹತ್ತಿ ಯಾವ ಔಷಧಕ್ಕೂ ಬಗ್ಗದೆ, ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟು ಉಳಿಸಿದರಂತೆ. ಆ ಮೇಲೆ ಅದೇ ಪಂಡಿತರು ಕನ್ನಡದಲ್ಲಿ ಬರೆದರು. ಮಾನ್ವಿಯಲ್ಲಿ ಪ್ರತಿ ಮಗುವಿಗೂ ಗೊತ್ತಿರುವ ಕಥೆ. "ಅವ್ರು ಕನ್ನಡದಾಗ ಯಾತಕ್ಕ ಅಂದ್ರು, ನೀ ತೆಲುಗಿನಾಗ ಯಾತಕ್ಕ ಅಂತಿ. ಹೊಟ್ಟಿನೋವು ಬರೋದು ಬ್ಯಾಡ" ಎಂದು ನಕ್ಕಳು. ಮೂರು ವಾರದಲ್ಲಿ ಅವಳು ನನ್ನೆದುರು ನಕ್ಕದ್ದು ಅದೇ ಮೊದಲು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳು ಇನ್ನೊಂದು ಮಾತು ಹೇಳಿದಳು. "ಅಪ್ಪಾ, ಆಂಟಿ ಅವತ್ತು 'ಮಾವಾಡು' ಅನ್ನಲಿಲ್ಲ, 'ಮನವಾಡು' ಅಂದರು. ಎರಡೂ ಬೇರೆ."

ಇಷ್ಟು ವರ್ಷ ಇಲ್ಲಿದ್ದು, ತರಕಾರಿಯಿಂದ ಹಿಡಿದು ಟ್ರಾಫಿಕ್ ಜಗಳದವರೆಗೆ ತೆಲುಗಿನಲ್ಲೇ ಮಾತಾಡುವ ನನಗೆ ಅದು ತಲೆಗೆ ಹೋಗಿರಲಿಲ್ಲ. ಕನ್ನಡದಲ್ಲಿ ನಮಗೆ ಇರುವುದು ಒಂದೇ "ನಾವು", ಒಂದೇ "ನಮ್ಮ". ಕೇಳುವವರು ಅದರೊಳಗೆ ಇದ್ದಾರೋ ಹೊರಗಿದ್ದಾರೋ ಅದು ಹೇಳುವುದಿಲ್ಲ. ತೆಲುಗಿನಲ್ಲಿ ಎರಡಿವೆ. "ಮಾ" ಅಂದರೆ ನಮ್ಮದು, ನಿಮ್ಮದಲ್ಲ. "ಮನ" ಅಂದರೆ ನಮ್ಮದು, ನಿಮ್ಮನ್ನೂ ಸೇರಿಸಿ. ಆಂಟಿ ಅವ್ವನ ಕೈ ಹಿಡಿದು ಅಂದದ್ದು, ಪುರಂದರದಾಸರು ನಮ್ಮಿಬ್ಬರವರೂ ಅಲ್ಲವೇ ಅಂತ. ನಾನು ಅದನ್ನು ನನ್ನ ಕನ್ನಡದ ಕಿವಿಯಲ್ಲಿ ಕೇಳಿ ಜಗಳಕ್ಕೆ ನಿಂತಿದ್ದೆ.

ಮರುದಿನ ಆಂಟಿಯ ಮನೆ ಬಾಗಿಲು ತಟ್ಟಿದೆ. "ತಪ್ಪಾಯಿತು" ಅನ್ನುವಷ್ಟರಲ್ಲಿ "ಕೂತ್ಕೊ ಬಾಬು, ಟೀ ಕುಡಿ" ಅಂದರು. ಆ ವಿಷಯ ಎತ್ತಲೇ ಇಲ್ಲ. ಬದಲಿಗೆ ಕೇಳಿದರು: "ನಿಮ್ಮ ಬಸವಣ್ಣನ ಕಥೆ ಮೊದಲು ಪುರಾಣವಾಗಿ ಬರೆದವರು ಯಾರು ಗೊತ್ತಾ? ನಮ್ಮ ಊರ ಪಕ್ಕದವರು. ಅಮ್ಮಗಾರನ್ನು ಕರೆದುಕೊಂಡು ಬಾ, ಒಂದು ಭಾನುವಾರ ಹೋಗೋಣ."

ಪಾಲಕುರ್ತಿ ಹೋಗಬೇಕೆಂದರೆ ವರಂಗಲ್ ಹೆದ್ದಾರಿ ಹಿಡಿದು ಜನಗಾಂವ್ ದಾಟಬೇಕು. ದಾರಿಯಲ್ಲಿ ಭುವನಗಿರಿ ಕೋಟೆಯ ಬೋಳು ಬಂಡೆ ಕಂಡಾಗ ನಾನು ಊರ ಹೆಸರು ಹೇಳಿದೆ. ಅವ್ವ ಸೀಟಿನಲ್ಲಿ ನೆಟ್ಟಗೆ ಕೂತಳು. "ರಾಯರು ಹುಟ್ಟಿದ ಭುವನಗಿರಿ ಇದೇ ಏನು?" ಅಲ್ಲ, ಅದು ತಮಿಳುನಾಡಿನಲ್ಲಿದೆ ಅಂದೆ. ಅವಳು ಆದರೂ ಬಂಡೆಗೆ ಕೈಮುಗಿದಳು. "ಹೆಸರು ಒಂದಲ್ಲೇನು, ಇರಲಿ."

ನನಗೆ ಆಗ ರಾಯರ ದಾರಿ ಯೋಚನೆಗೆ ಬಂತು. ತಮಿಳು ಸೀಮೆಯ ಭುವನಗಿರಿಯಲ್ಲಿ ಹುಟ್ಟಿ, ಕುಂಭಕೋಣದಲ್ಲಿ ಓದಿ, ಆದೋನಿ ನವಾಬನ ಕೈಕೆಳಗಿದ್ದ ಮಂಚಾಲೆ ಎಂಬ ಹಳ್ಳಿಯನ್ನು ಪಡೆದು 1671ರಲ್ಲಿ ತುಂಗಭದ್ರೆಯ ದಂಡೆಯಲ್ಲಿ ಬೃಂದಾವನಸ್ಥರಾದರು. ಆ ಮೇಲೆ 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಂತ್ರಾಲಯ ಇಂದು ಕರ್ನೂಲು ಜಿಲ್ಲೆಯಲ್ಲಿದೆ, ಹೊಳೆ ದಾಟಿದರೆ ನಮ್ಮ ರಾಯಚೂರು ಜಿಲ್ಲೆ. ಅಲ್ಲಿಗೆ ಹೋಗುವ ಯಾವ ಕನ್ನಡದ ಮುದುಕಿಗೂ ತಾನು ಬೇರೆ ರಾಜ್ಯಕ್ಕೆ ಬಂದೆ ಅನಿಸಿದ್ದನ್ನು ನಾನು ಕೇಳಿಲ್ಲ. ಗಡಿ ಕಾಣುವುದು ನನ್ನಂಥ ನಡುವಯಸ್ಸಿನವರಿಗೆ ಮಾತ್ರವೋ ಏನೋ.

ಪಾಲಕುರ್ತಿಯ ಗುಡ್ಡದ ಮೇಲೆ ಸೋಮೇಶ್ವರನೂ ಇದ್ದಾನೆ, ಲಕ್ಷ್ಮೀನರಸಿಂಹನೂ ಇದ್ದಾನೆ. ಶೈವ ವೈಷ್ಣವ ಎರಡೂ ಒಂದೇ ಗುಡ್ಡ. ಅವ್ವನಿಂದ ಹತ್ತಲು ಆಗಲಿಲ್ಲ. ಕೆಳಗೆ ಮರದ ನೆರಳಲ್ಲಿ ಕೂತು ಆಂಟಿ ಪಾಲ್ಕುರಿಕೆ ಸೋಮನಾಥನ ಕಥೆ ಹೇಳಿದರು. ಟೀಚರ್ ಆಗಿದ್ದವರ ಬಾಯಲ್ಲಿ ಅದು ಪಾಠದ ಹಾಗೆಯೇ ಬಂತು.

ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ, ಓದಿದ್ದು ಕೂಡಲಸಂಗಮದಲ್ಲಿ, ಬದುಕು ಮಾಡಿದ್ದು ಕಲ್ಯಾಣದಲ್ಲಿ. ಅವರ ಜೀವನದ ಮೇಲೆ ಮೊದಲು ಬರೆದವರಲ್ಲಿ ನಮ್ಮ ಹರಿಹರ ಇದ್ದಾನೆ, ಅವನ ರಗಳೆ ಇದೆ. ಆದರೆ ಬಸವ ಪುರಾಣ ಅಂತ ಹೆಸರಾದ ಮೊದಲ ಕಾವ್ಯ ತೆಲುಗಿನದು. ಬರೆದವನು ಈ ಪಾಲಕುರ್ತಿಯ ಸೋಮನಾಥ. ಆಗ ತೆಲುಗಿನ ದೊಡ್ಡ ಕವಿಗಳು ಸಂಸ್ಕೃತ ತುಂಬಿದ ಚಂಪೂ ಬರೆಯುತ್ತಿದ್ದರು. ಸೋಮನಾಥ ಅದನ್ನು ಬಿಟ್ಟು, ಜನ ಹಾಡಿಕೊಳ್ಳುವ ದ್ವಿಪದಿಯಲ್ಲಿ, ಜಾನು ತೆನುಗು ಅಂದರೆ ಆಡುಮಾತಿಗೆ ಹತ್ತಿರವಾದ ತೆಲುಗಿನಲ್ಲಿ ಬರೆದ. ವಚನಕಾರರು ಕನ್ನಡದಲ್ಲಿ ಏನು ಮಾಡಿದ್ದರೋ ಅದನ್ನೇ ಅವನು ತನ್ನ ಭಾಷೆಯಲ್ಲಿ ಮಾಡಿದ. ಬಸವಣ್ಣನ ಜೊತೆಗೆ ತಮಿಳು ನಾಡಿನ ಶಿವಭಕ್ತರ ಕಥೆಗಳನ್ನೂ ಅದೇ ಪುರಾಣದಲ್ಲಿ ಹೆಣೆದ. 1369ರಲ್ಲಿ ಭೀಮಕವಿ ಅದನ್ನು ಕನ್ನಡದ ಷಟ್ಪದಿಗೆ ತಂದ. ನಾವು ಊರೂರಲ್ಲಿ ಪುರಾಣ ಹಚ್ಚಿಸಿ ಕೇಳಿದ ಬಸವ ಪುರಾಣ ಅದು.

ಅಂದರೆ ನಮ್ಮ ಮನೆಯ ಮಗನ ಕಥೆ ನೆರೆಮನೆಗೆ ಹೋಗಿ, ಅಲ್ಲಿ ಬೆಳೆದು, ಮತ್ತೆ ನಮ್ಮ ಮನೆಗೆ ಬಂದಿತ್ತು. ಆಂಟಿ ಇನ್ನೊಂದು ಮಾತು ಹೇಳಿದರು. ತೆಲುಗು ಸೀಮೆಯ ಶೈವಗುರು ಮಲ್ಲಿಕಾರ್ಜುನ ಪಂಡಿತಾರಾಧ್ಯರು ಬಸವಣ್ಣನನ್ನು ಕಾಣಬೇಕೆಂದು ಕಲ್ಯಾಣಕ್ಕೆ ಹೊರಟರಂತೆ. ದಾರಿಯಲ್ಲೇ ಬಸವಣ್ಣ ಲಿಂಗೈಕ್ಯರಾದ ಸುದ್ದಿ ಮುಟ್ಟಿತಂತೆ. ಹೇಳುವಾಗ ಅವರ ಗಂಟಲು ಸ್ವಲ್ಪ ಕಟ್ಟಿತು. ಅವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂಟುನೂರು ವರ್ಷ ಹಳೆಯ ಸುದ್ದಿಗೆ ಇಬ್ಬರು ಮುದುಕಿಯರು ಮರದ ಕೆಳಗೆ ಅಳುತ್ತಿದ್ದರು.

ನನಗೆ ಗೊತ್ತಿದ್ದ ಒಂದು ಸಂಗತಿ ನಾನೂ ಹೇಳಿದೆ. ಸೋಮನಾಥ ಕೊನೆಗೆ ಐಕ್ಯನಾದದ್ದು ಮಾಗಡಿ ಹತ್ತಿರದ ಕಲ್ಯದಲ್ಲಿ ಎಂಬ ಪ್ರತೀತಿ ನಮ್ಮಲ್ಲಿದೆ. ಆಂಟಿ ಬೆರಗಾದರು. "ನಿಮ್ಮ ಅಕ್ಕಮಹಾದೇವಿ ನಮ್ಮ ಶ್ರೀಶೈಲಕ್ಕೆ ಬಂದಳು, ನಮ್ಮ ಸೋಮನ್ನ ನಿಮ್ಮ ಮಾಗಡಿಗೆ ಹೋದನಾ! ಲೆಕ್ಕ ಸರಿಹೋಯಿತು." ಉಡುತಡಿಯಿಂದ ಹೊರಟ ಅಕ್ಕ ಕದಳಿಯಲ್ಲಿ ಐಕ್ಯಳಾದಳು. ಇಂದಿಗೂ ಪಾತಾಳಗಂಗೆಯಿಂದ ದೋಣಿಯಲ್ಲಿ ಕೃಷ್ಣೆಯ ಮೇಲೆ ಹೋದರೆ ನಲ್ಲಮಲ ಕಾಡಿನ ನಡುವೆ ಅಕ್ಕಮಹಾದೇವಿಯ ಗುಹೆ ತೋರಿಸುತ್ತಾರೆ.

ಹಿಂದಿರುಗುವಾಗ ಹತ್ತಿರವೇ ಇರುವ ಬಮ್ಮೆರಕ್ಕೂ ಹೋದೆವು. ತೆಲುಗು ಭಾಗವತ ಬರೆದ ಪೋತನನ ಊರದು. ಆಂಟಿ ಅಲ್ಲಿ ಇಳಿದ ತಕ್ಷಣ "ಇದೇ ಅವನ ಊರು, ಒಂಟಿಮಿಟ್ಟ ಅಲ್ಲ" ಎಂದು ಸ್ವಲ್ಪ ಬಿರುಸಾಗಿ ಹೇಳಿದರು. ಪೋತನ ಕಡಪ ಜಿಲ್ಲೆಯ ಒಂಟಿಮಿಟ್ಟದವನೋ, ಓರುಗಲ್ಲು ಸೀಮೆಯ ಬಮ್ಮೆರದವನೋ ಅಂತ ಅವರಲ್ಲಿ ಬಹಳ ಕಾಲದ ವಾದವಿದೆ. ನನಗೆ ನಗು ತಡೆಯಲಾಗಲಿಲ್ಲ. ಪುರಂದರದಾಸರು ಪುಣೆ ಬಳಿಯ ಪುರಂದರಗಡದವರೋ, ನಮ್ಮ ತೀರ್ಥಹಳ್ಳಿ ಸೀಮೆಯವರೋ ಎಂದು ನಾವು ಮಾಡುವ ವಾದದ ತದ್ರೂಪು. ಆಂಟಿಗೂ ಒಂದು "ಮಾ" ಇತ್ತು, ಅದು ತೆಲುಗಿನವರ ಮೇಲೆಯೇ ಇತ್ತು.

ಆ ವಾದ ಬರೀ ವಿದ್ವಾಂಸರದ್ದಾಗಿ ಉಳಿಯುವುದಿಲ್ಲ ಎಂಬುದೂ ಈ ಊರಿನಲ್ಲಿ ಬದುಕುವವರಿಗೆ ಗೊತ್ತು. 1980ರ ದಶಕದಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿದ್ದಾಗ ಹುಸೇನ್ ಸಾಗರದ ಟ್ಯಾಂಕ್ ಬಂಡ್ ಮೇಲೆ ತೆಲುಗಿನ ಕವಿಗಳು, ಸಂತರು, ರಾಜರ ವಿಗ್ರಹಗಳನ್ನು ಸಾಲಾಗಿ ನಿಲ್ಲಿಸಿದರು. ತೆಲಂಗಾಣದವರಿಗೆ ಆ ಸಾಲಿನಲ್ಲಿ ತಮ್ಮವರು ಕಡಿಮೆ ಎಂಬ ನೋವಿತ್ತು. 2011ರ ಮಾರ್ಚ್ 10ರಂದು ಪ್ರತ್ಯೇಕ ರಾಜ್ಯದ ಹೋರಾಟದ ಮಿಲಿಯನ್ ಮಾರ್ಚ್ ದಿನ ಅವುಗಳಲ್ಲಿ ಎಷ್ಟನ್ನೋ ಒಡೆದು, ಕೆಲವನ್ನು ಕೆರೆಗೆ ಎಸೆದರು. ಕೃಷ್ಣದೇವರಾಯನೂ ಬಿದ್ದ. ಆಮೇಲೆ ಮತ್ತೆ ನಿಲ್ಲಿಸಿದರು. ಈಗ ಅದೇ ಟ್ಯಾಂಕ್ ಬಂಡ್ ಮೇಲೆ ಬಸವಣ್ಣನ ವಿಗ್ರಹವೂ ಇದೆ, ಬಸವ ಜಯಂತಿಯ ದಿನ ಅಲ್ಲಿ ಹಾರ ಬೀಳುತ್ತದೆ. ಆ ನೋವು ಸುಳ್ಳಲ್ಲ, ನನ್ನ ಭಯವೂ ಸುಳ್ಳಾಗಿರಲಿಲ್ಲ. ಯಾರನ್ನೂ ಸಾಲಿನಿಂದ ಬಿಡಬಾರದು ಅನ್ನುವುದು ನ್ಯಾಯವೇ. ಆದರೆ ಆ ಸಾಲು ಒಬ್ಬರದೇ ಆಗಬೇಕು ಅಂತ ಹೊರಟರೆ ಕೊನೆಗೆ ಎಸೆಯಲು ಕೆರೆ ಬೇಕಾಗುತ್ತದೆ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ನಾನು ಮಾಡಿದ್ದೂ ಅದರ ಸಣ್ಣ ರೂಪವೇ.

ಹಾಗಂತ ಎಲ್ಲರೂ ಎಲ್ಲರವರು ಎಂದು ಕೈ ತೊಳೆದುಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ಸಂತರಿಗೆ ಊರಿದೆ. ಸೋಮನಾಥನ ತೆಲುಗು ಪಾಲಕುರ್ತಿಯ ಜನರ ತೆಲುಗು, ವಿಜಯದಾಸರ ಕನ್ನಡ ಮಾನ್ವಿಯ ಎರೆಹೊಲದ ಕನ್ನಡ. ಆ ಊರಿನ ಮಾತು ಕಿವಿಗೆ ಬೀಳದಿದ್ದರೆ ಪದದ ಅರ್ಧ ಹೋದಂತೆ. ತೆಲುಗು ಮಾತಾಡಿ ತಮಿಳು ನಾಡಿನ ತಿರುವೈಯಾರಿನಲ್ಲಿ ಬದುಕಿದ ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದ ಆರಂಭದಲ್ಲಿ ಪುರಂದರದಾಸರನ್ನು ನೆನೆದು ನಮಸ್ಕರಿಸಿದ್ದಾರೆ. ಯಾರಿಂದ ಬಂತು ಎಂದು ಹೆಸರು ಹೇಳಿಯೇ ತೆಗೆದುಕೊಂಡರು. ಈ ಊರಿನಲ್ಲಿ ಕರ್ನಾಟಕ ಸಂಗೀತಕ್ಕೆ ಸೇರುವ ಪ್ರತಿ ತೆಲುಗು ಮಗುವೂ ಪುರಂದರದಾಸರ ಸರಳೆ ವರಸೆ, ಪಿಳ್ಳಾರಿ ಗೀತೆಯಿಂದಲೇ ಶುರು ಮಾಡುತ್ತದೆ. ಗುರುಗಳು ಹೆಸರು ಹೇಳಿ ಕಲಿಸಿದರೆ ಸಾಕು.

ಅವ್ವ ಮುಂದಿನ ಶನಿವಾರ ಭಜನೆಗೆ ಹೋದಳು. ಮಗಳ ಲಾಂಗ್ ನೋಟ್‌ಬುಕ್ಕನ್ನೂ ಒಯ್ದಳು. ಆಂಟಿ ಅದನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದರು. ಈಗ ಹದಿನೈದು ತೆಲುಗು ಹೆಂಗಸರು ತೆಲುಗು ಅಕ್ಷರ ನೋಡಿಕೊಂಡು ಜಗನ್ನಾಥದಾಸರ ಕನ್ನಡ ಹಾಡುತ್ತಾರೆ. "ಹಾಲು" ಅಂದರೆ ಏನು ಅಂತ ಒಬ್ಬರು ಕೇಳಿದರು. ಪಾಲು ಅಂತ ಮಗಳು ಹೇಳಿದಳು. ಹಳಗನ್ನಡದಲ್ಲಿ ನಮ್ಮದೂ ಪಾಲೇ ಆಗಿತ್ತು ಎಂದು ನಾನು ಮನೆಯಲ್ಲಿ ಅವಳಿಗೆ ಹೇಳಿದೆ.

ಒಂದು ಷರತ್ತು ಮಾತ್ರ ಹಾಕಿದ್ದೆ. ಪ್ರತಿ ಹಾಡಿನ ಮೇಲೆ ಯಾವ ದಾಸರದು, ಅವರ ಊರು ಯಾವುದು ಅಂತ ಬರೆಯಬೇಕು. ಮಗಳು ಒಪ್ಪಿದಳು. ಅಜ್ಜಿಯ ಅವ್ವನಿಂದ ಬಂದ ಹಾಡುಗಳಿಗೆ ದಾಸರ ಹೆಸರಿರಲಿಲ್ಲ. ಅಲ್ಲಿ ಅವಳು "ಮುತ್ತಜ್ಜಿ, ಮಾನ್ವಿ" ಅಂತ ಬರೆದಿದ್ದಾಳೆ.

ನಾನು ಎಣಿಸದೇ ಇದ್ದದ್ದು ಒಂದಾಯಿತು. ಬರೆದದ್ದು ಸರಿಯೋ ಅಂತ ನೋಡಲು ಮಗಳು ಅವ್ವನ ಬೈಂಡಿನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳತೊಡಗಿದಳು. ಸಾವಿರ ವರ್ಷದ ಹಿಂದಿನ ಶಾಸನಗಳಲ್ಲಿ ಎರಡೂ ಭಾಷೆಗೆ ಹೆಚ್ಚುಕಡಿಮೆ ಒಂದೇ ಲಿಪಿ. ಈಗಲೂ ಎಷ್ಟೋ ಅಕ್ಷರಕ್ಕೆ ತಲೆಕಟ್ಟಿನ ವ್ಯತ್ಯಾಸವಷ್ಟೇ. ಎರಡು ಅಂಕಲಿಪಿ ತಂದು ನಾನು ಮಾಡಲಾಗದ್ದನ್ನು ತೆಲುಗು ಅಕ್ಷರವೇ ಮಾಡಿತು. ಇನ್ನೂ ತಡವರಿಸುತ್ತಾಳೆ, ಒತ್ತಕ್ಷರ ಬಂದರೆ ನಿಲ್ಲುತ್ತಾಳೆ, ಪೆನ್ಸಿಲಿನ ಪುಟ ಅವಳಿಗೂ ಕಷ್ಟ. ಆದರೆ ಹೋದ ವಾರ ನಾನು ಬಾಗಿಲು ತೆಗೆದಾಗ ಅವಳು ಬೈಂಡಿನ ಪುಸ್ತಕ ಹಿಡಿದು ಒಂದು ನುಡಿಯ ಮೊದಲ ಪದ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಅವಳು ಮುಗಿಸುವ ಮುಂಚೆಯೇ ಅವ್ವ ಹಾಡು ಶುರು ಮಾಡಿಬಿಟ್ಟಿದ್ದಳು.